ಚೀಟಿಗಿಂತ ಲಕೋಟೆ ಮೇಲು



ಅಟ್ಟದ ಮೇಲಿನ ಟ್ರಂಕು ತೆರೆದಾಗ ಅಜ್ಜನ ಕಾಲದ ಕಾಗದಗಳ ಕಟ್ಟು ಸಿಗುವುದುಂಟು. ಆಗ ಮನೆಯ ಮಕ್ಕಳು ಕತ್ತರಿ ತಂದು ಅಂಚೆಚೀಟಿಗಳನ್ನಷ್ಟೇ ಕತ್ತರಿಸಿಕೊಳ್ಳುತ್ತಾರೆ. ಲಕೋಟೆಗಳು ಒಲೆ ಸೇರುತ್ತವೆ. ಬಲ್ಲ ಸಂಗ್ರಾಹಕರ ದೃಷ್ಟಿಯಲ್ಲಿ ಇದು ಸಿಪ್ಪೆ ಇಟ್ಟುಕೊಂಡು ಹಣ್ಣು ಎಸೆದಂತೆ.

ಅಂಟಿಸುವ ಅಂಚೆಚೀಟಿ ಹುಟ್ಟಿದ್ದು 1840ರಲ್ಲಿ, ಬ್ರಿಟನ್ನಿನಲ್ಲಿ. ಏಷ್ಯಾಕ್ಕೆ ಅದು ಕಾಲಿಟ್ಟದ್ದು 1852ರ ಜುಲೈ 1ರಂದು, ಸಿಂಧ್ ಪ್ರಾಂತದಲ್ಲಿ. ಅಲ್ಲಿನ ಕಮಿಷನರ್ ಬಾರ್ಟಲ್ ಫ್ರೇರ್ ಅರ್ಧ ಆಣೆಯ 'ಸಿಂಧ್ ಡಾಕ್' ಚೀಟಿಗಳನ್ನು ಹೊರಡಿಸಿದ. ಕೆಂಪು ಅರಗಿನ ಬಿಲ್ಲೆಯ ಚೀಟಿ ಟಪಾಲಿನ ಚೀಲದಲ್ಲಿ ಒಡೆದು ಪುಡಿಯಾಗುತ್ತಿತ್ತು. ಬಿಳಿ ಕಾಗದದ ಉಬ್ಬಚ್ಚು ದೀಪದ ಬೆಳಕಿನಲ್ಲಿ ಕಾಣುತ್ತಿರಲಿಲ್ಲ. ಆದ್ದರಿಂದ ನೀಲಿ ಬಣ್ಣದ್ದು ಬಂತು. 1854ರಲ್ಲಿ ಇಡೀ ದೇಶಕ್ಕೆ ಒಂದೇ ಬಗೆಯ ಚೀಟಿ ಬಂದೊಡನೆ ಇವು ಹಿಂದೆ ಸರಿದವು. ಒಡೆಯದೆ ಉಳಿದ ಕೆಂಪು ಬಿಲ್ಲೆ ಇಂದು ಬಲು ಅಪರೂಪ.

ತಪ್ಪಿನಿಂದಲೂ ಬೆಲೆ ಬರುವುದುಂಟು. 1854ರ ನಾಲ್ಕಾಣೆ ಚೀಟಿಗೆ ಕೆಂಪು ಚೌಕಟ್ಟು, ನೀಲಿ ತಲೆ. ಎರಡು ಬಣ್ಣಕ್ಕೆ ಎರಡು ಸಲ ಅಚ್ಚು ಹಾಕಬೇಕಿತ್ತು. ಹಾಳೆ ತಿರುಗುಮುರುಗಾದಾಗ ವಿಕ್ಟೋರಿಯಾ ರಾಣಿ ತಲೆಕೆಳಗಾದಳು! ಅಂಥ ಕೆಲವೇ ಚೀಟಿಗಳು ಉಳಿದಿವೆ. 1948ರ ಆಗಸ್ಟ್ 15ರಂದು ಬಂದ ಹತ್ತು ರೂಪಾಯಿಯ ಗಾಂಧಿ ಚೀಟಿಯದು ಇನ್ನೊಂದು ಕಥೆ. ಗವರ್ನರ್ ಜನರಲ್ ಕಚೇರಿಯ ಬಳಕೆಗೆ 'ಸರ್ವಿಸ್' ಎಂಬ ಮೇಲಚ್ಚಿನೊಡನೆ ಸಿದ್ಧವಾದದ್ದು ಬರೀ 100 ಚೀಟಿ. ಅವುಗಳಲ್ಲಿ ಕೂಡಿಕೊಂಡಿದ್ದ ನಾಲ್ಕು 2017ರಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾದವು. ಇಷ್ಟು ಬೆಲೆ ಇರುವಲ್ಲಿ ನಕಲಿಯೂ ಹುಟ್ಟುತ್ತದೆ. ಬಲ್ಲವರಿಗೆ ತೋರಿಸದೆ ಕೊಳ್ಳುವುದು ಅಪಾಯ.

ಇನ್ನು ಪ್ರಥಮ ದಿನದ ಲಕೋಟೆ. ಹೊಸ ಚೀಟಿ ಬಿಡುಗಡೆಯಾದ ದಿನವೇ ಅದನ್ನು ಚಿತ್ರವುಳ್ಳ ಲಕೋಟೆಗೆ ಅಂಟಿಸಿ, ಆ ದಿನದ ವಿಶೇಷ ಮೊಹರು ಒತ್ತುತ್ತಾರೆ. ಚೀಟಿ, ಮೊಹರು, ಲಕೋಟೆ ಮೂರೂ ಕೂಡಿದರೆ ಮಾತ್ರ ಅದು ದಾಖಲೆ. ಬೇರ್ಪಡಿಸಿದರೆ ದಿನಾಂಕವೇ ಹೋಯಿತು.

ಸಾಮಾನ್ಯ ಹಳೆಯ ಕಾಗದಕ್ಕೂ ಇದೇ ಮಾತು. ಎಲ್ಲಿಂದ ಹೊರಟಿತು, ಯಾವ ದಾರಿ ಹಿಡಿಯಿತು, ಎಷ್ಟು ದಿನಕ್ಕೆ ತಲುಪಿತು ಎಂಬುದನ್ನು ಹೇಳುವುದು ಮೊಹರುಗಳು. ಮೈಸೂರು ಸಂಸ್ಥಾನಕ್ಕೆ ತನ್ನದೇ 'ಅಂಚೆ' ಇತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಆ ಅಂಚೆ ಸ್ವಂತ ಚೀಟಿ ಹೊರಡಿಸಲಿಲ್ಲ. ಅದರ ಗುರುತು ಉಳಿದಿರುವುದು ಕಾಗದಗಳ ಮೇಲಿನ ಮೊಹರುಗಳಲ್ಲಿ. ಚೀಟಿ ಇಲ್ಲವೆಂದು ಎಸೆದ ಒಂದೊಂದು ಕಾಗದದೊಡನೆ ಈ ನಾಡಿನ ಚರಿತ್ರೆಯ ಒಂದೊಂದು ಪುಟ ಹೋದಂತೆ.

ಕಾಪಾಡುವುದು ಕಷ್ಟವಲ್ಲ. ಗೋಂದು, ಸೆಲ್ಲೊಟೇಪು ಬೇಡ. ಒದ್ದೆ ಕೈ ಬೇಡ. ಚೀಟಿ ಎತ್ತಲು ಚಿಮಟ ಸಾಕು. ಮಳೆಗಾಲದ ತೇವ, ಬಿಸಿಲು, ಗೆದ್ದಲು ತಾಗದಂತಿಡಬೇಕು. ದೊಡ್ಡ ಊರುಗಳ ಪ್ರಧಾನ ಅಂಚೆ ಕಚೇರಿಗಳಲ್ಲಿ ಸಂಗ್ರಾಹಕರಿಗೆಂದೇ ಫಿಲಾಟೆಲಿ ಬ್ಯೂರೊಗಳಿವೆ. ಹೊಸಬರು ಅಲ್ಲಿಂದ ಆರಂಭಿಸಬಹುದು. ಕೈಯಲ್ಲಿ ಕತ್ತರಿ ಮಾತ್ರ ಇರಬಾರದು.