ಗರಿಗರಿಯ ರಸವಿಮರ್ಶೆ

ರುಚಿಯ ವಿಷಯದಲ್ಲಿ ತರ್ಕ ಸಲ್ಲದೆಂದು ಹೇಳುವವರುಂಟು. ಅಂಥವರು ಇಂಗ್ಲೆಂಡಿನ ಕ್ರಿಸ್ಪ್ ಪ್ರಿಯರ ಮಾತನ್ನು ಕೇಳಿದವರಲ್ಲ. ಆಲೂಗಡ್ಡೆಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ, ಎಣ್ಣೆಯಲ್ಲಿ ಕರಿದು, ಪೊಟ್ಟಣ ಕಟ್ಟಿ ಮಾರುವ ತಿಂಡಿಗೆ ಅಲ್ಲಿ ಕ್ರಿಸ್ಪ್ಸ್ ಎಂದು ಹೆಸರು. ನಾವು ಅದನ್ನು ಚಿಪ್ಸ್ ಎನ್ನುವುದು ಅಮೆರಿಕದ ರೂಢಿ. ಇಂಗ್ಲೆಂಡಿನಲ್ಲಿ ಚಿಪ್ಸ್ ಎಂದು ಕೇಳಿದರೆ ಬೆರಳುಗಾತ್ರದ, ಬಿಸಿಯಾದ, ಒಳಗೆ ಮೆತ್ತಗಿರುವ ಆಲೂಗಡ್ಡೆಯ ತುಂಡುಗಳು ತಟ್ಟೆಗೆ ಬರುತ್ತವೆ. ಉಳಿದ ವಿಷಯಗಳಲ್ಲಿ ಮಿತಭಾಷಿಗಳೆಂದು ಹೆಸರಾದ ಆ ಜನ, ಯಾವ ರುಚಿಯ ಕ್ರಿಸ್ಪ್ ಶ್ರೇಷ್ಠವೆಂಬ ಪ್ರಶ್ನೆ ಎದ್ದೊಡನೆ ವಾಗ್ಮಿಗಳಾಗಿಬಿಡುತ್ತಾರೆ. ಆ ವಾಗ್ವಾದವನ್ನು ನಾವು ಹಗುರವಾಗಿ ಕಾಣಬಾರದೆಂಬುದು ಈ ಹೊತ್ತಿನ ನನ್ನ ವಾದ.

ಹಾಗೆ ಕಾಣಲು ನಮಗಂತೂ ಅಧಿಕಾರವಿಲ್ಲ. ಭರತಮುನಿ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನೆಂದು ವಿವರಿಸಹೊರಟಾಗ ಅಡುಗೆಮನೆಯ ಕಡೆಗೇ ಕೈ ತೋರಿದ್ದಾನೆ. ಹಲವು ಪದಾರ್ಥಗಳು ಕೂಡಿದಾಗ ಯಾವೊಂದರಲ್ಲೂ ಬಿಡಿಯಾಗಿ ಇಲ್ಲದ ರುಚಿಯೊಂದು ಹುಟ್ಟುತ್ತದೆ. ಅದನ್ನು ಮನಸ್ಸಿಟ್ಟು ಉಣ್ಣುವವನು ಸಂತೋಷಪಡುತ್ತಾನೆ. ನಾಟಕದ ರಸವೂ ಹಾಗೆಯೇ ಎಂಬುದು ಅವನ ವಿವರಣೆಯ ಸಾರ. ಕಾವ್ಯವಿಮರ್ಶೆಯ ಬಾಯಲ್ಲಿ ಇಂದಿಗೂ ಸುಳಿದಾಡುವ ಶಬ್ದಗಳನ್ನು ನಾವು ನಾಲಗೆಯಿಂದಲೇ ಎರವಲು ಪಡೆದಿದ್ದೇವೆ. ಕ್ರಿಸ್ಪ್ ತಿನ್ನುವವನೂ ಒಬ್ಬ ಸಹೃದಯನೆಂದರೆ ಮುನಿ ಮುನಿಯಲಾರ.

ಮೊದಮೊದಲು ಈ ತಿಂಡಿಗೆ ಹೇಳಿಕೊಳ್ಳುವಂಥ ರುಚಿಭೇದವೇ ಇರಲಿಲ್ಲ. 1920ರ ಸುಮಾರಿಗೆ ಲಂಡನ್ನಿನ ಕ್ರಿಕಲ್‌ವುಡ್ ಭಾಗದಲ್ಲಿ ಫ್ರಾಂಕ್ ಸ್ಮಿತ್ ಎಂಬಾತ ಕ್ರಿಸ್ಪ್ ತಯಾರಿಸಿ ಮಾರತೊಡಗಿದ. ಅವನು ಪೊಟ್ಟಣದೊಳಗೆ ನೀಲಿ ಕಾಗದದಲ್ಲಿ ತಿರುಚಿದ ಒಂದು ಚಿಟಿಕೆ ಉಪ್ಪನ್ನು ಇಟ್ಟು ಕೊಡುವ ಪದ್ಧತಿಯನ್ನು ಹಾಕಿದ. ಕಾಗದವನ್ನು ಬಿಚ್ಚಿ, ಉಪ್ಪನ್ನು ಸುರಿದುಕೊಂಡು, ಪೊಟ್ಟಣವನ್ನು ಕುಲುಕಿ ತಿನ್ನಬೇಕು. ಎಷ್ಟು ಉಪ್ಪು ಎಂಬ ತೀರ್ಮಾನ ತಿನ್ನುವವನ ಕೈಯಲ್ಲಿತ್ತು. ಬೇಡವೆನ್ನುವವನು ಆ ನೀಲಿ ಗಂಟನ್ನು ಹಾಗೆಯೇ ಎಸೆಯಬಹುದಾಗಿತ್ತು.

ಆ ಅಧಿಕಾರ ಕಾರ್ಖಾನೆಗೆ ಹಸ್ತಾಂತರವಾದದ್ದು ಐರ್ಲೆಂಡಿನಲ್ಲಿ. 1954ರಲ್ಲಿ ಡಬ್ಲಿನ್ ನಗರದಲ್ಲಿ ಜೋ ಮರ್ಫಿ ಎಂಬ ಉದ್ಯಮಿ ಟೇಟೋ ಸಂಸ್ಥೆಯನ್ನು ಸ್ಥಾಪಿಸಿದ. ಚೀಸ್ ಮತ್ತು ಈರುಳ್ಳಿಯ ರುಚಿಯ ಪುಡಿಯನ್ನು ತಯಾರಿಕೆಯ ಹಂತದಲ್ಲಿಯೇ ಕ್ರಿಸ್ಪಿನ ಮೈಗೆ ಹತ್ತಿಸುವ ವಿಧಾನಕ್ಕೆ ಆ ಸಂಸ್ಥೆ ಹೆಸರಾಯಿತು. 1960ರ ದಶಕದಲ್ಲಿ ಇಂಗ್ಲೆಂಡಿನ ತಯಾರಕರೂ ಅದೇ ದಾರಿ ಹಿಡಿದರು. ಚೀಸ್-ಈರುಳ್ಳಿಯ ಬೆನ್ನಿಗೆ ಉಪ್ಪು-ವಿನೆಗರ್ ಬಂತು. ಆಮೇಲೆ ಹೊಗೆಯಾಡಿಸಿದ ಹಂದಿಮಾಂಸ, ಹುರಿದ ಕೋಳಿ, ಸಿಗಡಿಯ ಕಾಕ್‌ಟೇಲ್ ಎಂದು ಸಾಲುಸಾಲಾಗಿ ರುಚಿಗಳು ಅವತರಿಸಿದವು.

ರುಚಿಗಳು ಹುಟ್ಟಿದಂತೆ ಪಂಥಗಳೂ ಹುಟ್ಟಿದವು. ಚೀಸ್-ಈರುಳ್ಳಿಯವರು ತಮ್ಮದನ್ನು ಆದಿಮತವೆನ್ನುತ್ತಾರೆ. ವಿನೆಗರಿನವರಿಗೆ ಹುಳಿ ನಾಲಗೆಯ ಅಂಚನ್ನು ಸುಡುವಂತಿರಬೇಕು. ಕಣ್ಣು ಕಿರಿದಾಗದಿದ್ದರೆ ಅದು ಉಪ್ಪು-ವಿನೆಗರೇ ಅಲ್ಲ. ಎರಡು ಬ್ರೆಡ್ ಹೋಳುಗಳಿಗೆ ಬೆಣ್ಣೆ ಸವರಿ ನಡುವೆ ಕ್ರಿಸ್ಪ್ ತುಂಬಿ, ಅಂಗೈಯಿಂದ ಒತ್ತಿ ಪುಡಿಮಾಡಿ ತಿನ್ನುವ ಒಂದು ಪಂಗಡವಿದೆ. ಐರ್ಲೆಂಡಿನಲ್ಲಿ ಅದರ ಅನುಯಾಯಿಗಳು ಬಹಳ. ಪೊಟ್ಟಣದ ಬಣ್ಣದ ಬಗೆಗೂ ಕಲಹವುಂಟು. ಅಲ್ಲಿನ ಬಹುಪಾಲು ತಯಾರಕರಲ್ಲಿ ಚೀಸ್-ಈರುಳ್ಳಿಗೆ ಹಸಿರು, ಉಪ್ಪು-ವಿನೆಗರಿಗೆ ನೀಲಿ. ಎಲ್ಲರಿಗಿಂತ ದೊಡ್ಡದಾದ ವಾಕರ್ಸ್ ಸಂಸ್ಥೆಯಲ್ಲಿ ಮಾತ್ರ ಅದು ತಿರುವುಮುರುವು. ಅವಸರದಲ್ಲಿ ಬಣ್ಣ ನೋಡಿ ಕೊಂಡು, ಬಾಯಿಗಿಟ್ಟ ಮೇಲೆ ಬೆಚ್ಚುವ ಸಂಭವ ಅಲ್ಲಿ ಯಾರಿಗೂ ತಪ್ಪಿದ್ದಲ್ಲ.

ಈ ವಾಕರ್ಸ್ ಸಂಸ್ಥೆಯ ಮೂಲ ಲೆಸ್ಟರ್ ನಗರದ ಒಂದು ಮಾಂಸದಂಗಡಿ. ಎರಡನೆಯ ಮಹಾಯುದ್ಧ ಮುಗಿದರೂ ಮಾಂಸದ ಪಡಿತರ ಮುಗಿಯದೆ, ಕತ್ತರಿಸಲು ಮಾಂಸ ಸಾಲದೆ, 1948ರಲ್ಲಿ ಅಂಗಡಿಯವರು ಆಲೂಗಡ್ಡೆ ಕರಿಯತೊಡಗಿದರು. ಮಾಂಸದಂಗಡಿಯಿಂದ ಹುಟ್ಟಿದ ಆ ಸಂಸ್ಥೆ ಮುಂದೆ ಮಾರಿದ ಹಂದಿಮಾಂಸದ ರುಚಿಯ ಕ್ರಿಸ್ಪಿನಲ್ಲಿ ಹಂದಿಮಾಂಸದ ಲವಲೇಶವೂ ಇರಲಿಲ್ಲ. ಸಸ್ಯಾಹಾರಿಗಳು ಅದನ್ನು ನೆಮ್ಮದಿಯಾಗಿ ತಿನ್ನುತ್ತಿದ್ದರು. 2013ರಲ್ಲಿ ಸಂಸ್ಥೆ ಹಂದಿ ಮತ್ತು ಕೋಳಿಯ ರುಚಿಗಳಿಗೆ ನಿಜವಾದ ಮಾಂಸದ ಅಂಶವನ್ನೇ ಸೇರಿಸಿದಾಗ ದೂರು ಕೇಳಿಬಂದದ್ದು ಆ ಸಸ್ಯಾಹಾರಿಗಳಿಂದ. ಹೆಸರು ಸುಳ್ಳಾಗಿದ್ದಾಗ ತೃಪ್ತರಾಗಿದ್ದವರು ಹೆಸರು ನಿಜವಾದೊಡನೆ ನೊಂದುಕೊಂಡರು. ಇದನ್ನು ಕೇಳಿ ನಗುವ ಮುನ್ನ ನಮ್ಮ ಮನೆಗಳ ಕಡೆ ತಿರುಗಿ ನೋಡಬೇಕು. ಮೊಟ್ಟೆಯ ಹೆಸರನ್ನೂ ಎತ್ತದ ಮನೆಯ ಹುಡುಗ ಕಾಲೇಜಿನ ಕ್ಯಾಂಟೀನಿನಲ್ಲಿ ಕಬಾಬಿನ ಮಸಾಲೆಯನ್ನು ಹೂಕೋಸಿನ ಮೇಲೆ ಹಾಕಿಸಿಕೊಂಡು ತಿನ್ನುವುದಿಲ್ಲವೆ?

ಹೆಸರಿಗೂ ವಸ್ತುವಿಗೂ ಇರುವ ಈ ಅಂತರ ಒಮ್ಮೆ ಕಾನೂನಿನ ಬಾಗಿಲನ್ನೂ ತಟ್ಟಿತು. ಇಂಗ್ಲೆಂಡಿನ ತೋಟಗಳಲ್ಲಿ ಹೆಜ್‌ಹಾಗ್ ಎಂಬ ಸಣ್ಣ ಪ್ರಾಣಿಯುಂಟು. ಮೈತುಂಬ ಮುಳ್ಳು, ನೋಟಕ್ಕೆ ನಮ್ಮ ಮುಳ್ಳುಹಂದಿಯ ಮರಿಯಂತಿದ್ದರೂ ಅದರ ಕುಲವಲ್ಲ. 1981ರಲ್ಲಿ ವೇಲ್ಸ್ ಪ್ರಾಂತದ ವೆಲ್ಷ್‌ಪೂಲ್ ಎಂಬ ಊರಿನ ಮದ್ಯದಂಗಡಿಯವನೊಬ್ಬ ತಮಾಷೆಗೆಂದು ಈ ಪ್ರಾಣಿಯ ಹೆಸರಿನಲ್ಲಿ ಕ್ರಿಸ್ಪ್ ಮಾಡಿ ಮಾರಿದ. ಅದನ್ನು ಸುಟ್ಟು ತಿಂದು ಬಲ್ಲ ಅಲೆಮಾರಿ ಜನರನ್ನು ವಿಚಾರಿಸಿ ರುಚಿಯನ್ನು ಹೊಂದಿಸಿದನೆಂದು ಪ್ರತೀತಿ. ವ್ಯಾಪಾರದ ನ್ಯಾಯಾನ್ಯಾಯ ನೋಡುವ ಸರ್ಕಾರಿ ಇಲಾಖೆ ಆಕ್ಷೇಪವೆತ್ತಿತು: ಪ್ರಾಣಿ ಎಲ್ಲಿ? ವಿವಾದ ಕೊನೆಗೆ ಒಂದು ಪ್ರತ್ಯಯದ ಬದಲಾವಣೆಯಲ್ಲಿ ಬಗೆಹರಿಯಿತು. ಕನ್ನಡದಲ್ಲಿ ಹೇಳುವುದಾದರೆ, 'ಹೆಜ್‌ಹಾಗಿನಿಂದ ರುಚಿಗೊಳಿಸಿದ' ಎಂದು ಇದ್ದುದು 'ಹೆಜ್‌ಹಾಗ್ ರುಚಿಯ' ಎಂದಾಯಿತು. ಮೊದಲನೆಯದಕ್ಕೆ ಪ್ರಾಣಿ ಬೇಕು. ಎರಡನೆಯದಕ್ಕೆ ಅದರ ನೆನಪು ಸಾಕು. ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿ ಬೇಸತ್ತ ನಮ್ಮ ವಿದ್ಯಾರ್ಥಿಗಳಿಗೆ ಈ ಪ್ರಸಂಗವನ್ನು ಅಧ್ಯಾಪಕರು ಅಗತ್ಯವಾಗಿ ಹೇಳಬಹುದು.

ಇನ್ನು ಹೊಸ ರುಚಿಗಳ ಮಾತು. 2008ರಲ್ಲಿ ವಾಕರ್ಸ್ ಸಂಸ್ಥೆ ನಾಡಿನ ಜನರನ್ನೇ ಕರೆದು, ನಿಮಗೆ ಬೇಕಾದ ರುಚಿಯನ್ನು ನೀವೇ ಸೂಚಿಸಿ ಎಂದಿತು. ಬಂದ ಸೂಚನೆಗಳು 10 ಲಕ್ಷಕ್ಕೂ ಮಿಕ್ಕಿ. ಅವುಗಳಲ್ಲಿ ಆರನ್ನು ಆರಿಸಿ, ತಯಾರಿಸಿ, ಅಂಗಡಿಗಳಲ್ಲಿಟ್ಟು ಮತ ಕೇಳಿದರು. ಆ ಆರರಲ್ಲಿ ಖಾರದ ಅಳಿಲು ಇತ್ತು (ಅದರಲ್ಲೂ ಅಳಿಲು ಇರಲಿಲ್ಲ), ಮೆಣಸಿನಕಾಯಿ ಬೆರೆತ ಚಾಕೊಲೇಟ್ ಇತ್ತು, ಚೀನೀ ಬಗೆಯ ಬಾತುಕೋಳಿ ಇತ್ತು, ಮೀನಿನ ಹುರಿಗಾಯಿ ಇತ್ತು, ನಮ್ಮ ಈರುಳ್ಳಿ ಬಜ್ಜಿಯೂ ಇತ್ತು. ಲಕ್ಷಾಂತರ ಮತಗಳ ನಡುವೆ 2009ರಲ್ಲಿ ಗೆದ್ದದ್ದು 'ಗಾರೆಯವನ ಬೆಳಗಿನ ಉಪಾಹಾರ' ಎಂಬರ್ಥದ ಒಂದು ಹೆಸರು. ಮೊಟ್ಟೆ, ಹಂದಿಮಾಂಸ ಎಲ್ಲವೂ ಒಂದೇ ಬಿಲ್ಲೆಯಲ್ಲಿ. ಸೂಚಿಸಿದವರಿಗೆ 50,000 ಪೌಂಡು ಬಹುಮಾನ, ಜೊತೆಗೆ ಮಾರಾಟದಲ್ಲಿ ನೂರಕ್ಕೊಂದು ಪಾಲು. ಮರುವರ್ಷ, 2010ರಲ್ಲಿ, ಆ ರುಚಿ ಅಂಗಡಿಯಿಂದ ಮರೆಯಾಯಿತು. ಜನ ಹೊಸದಕ್ಕೆ ಮತ ಹಾಕಿ, ಮನೆಗೆ ಹೋಗುವಾಗ ಹಳೆಯ ಚೀಸ್-ಈರುಳ್ಳಿಯನ್ನೇ ಕೊಂಡೊಯ್ದಿರಬೇಕು.

ಇಲ್ಲಿಯೇ ನನಗೆ ಈ ವಿಷಯ ನಗುವಿನ ಎಲ್ಲೆಯನ್ನು ದಾಟುವಂತೆ ತೋರುತ್ತದೆ. ಮಾರಾಟದಿಂದ ತೆಗೆದ ಪುಸ್ತಕ ಹಳೆಯ ಗ್ರಂಥಾಲಯದ ಯಾವುದೋ ಕಪಾಟಿನಲ್ಲಿ ಸಿಕ್ಕೀತು. ಮುದ್ರಣ ನಿಂತ ಗಾನಮುದ್ರಿಕೆ ಯಾರದೋ ಅಟ್ಟದಲ್ಲಿ ಉಳಿದೀತು. ಮಾರಾಟದಿಂದ ತೆಗೆದ ರುಚಿಗೆ ಕಪಾಟೂ ಇಲ್ಲ, ಅಟ್ಟವೂ ಇಲ್ಲ. ಶಾಲೆಯ ಗೇಟಿನ ಬಳಿ ಗೆಳೆಯರೊಡನೆ ಹಂಚಿಕೊಂಡು ತಿಂದ ಒಂದು ರುಚಿಯನ್ನು, ಲೆಕ್ಕದ ಪುಸ್ತಕ ನೋಡುವ ಯಾರೋ ಒಬ್ಬರು ಒಂದು ಮಧ್ಯಾಹ್ನ ನಿಲ್ಲಿಸಿಬಿಟ್ಟರೆ, ಮೇಲ್ಮನವಿ ಸಲ್ಲಿಸಲು ಜಾಗವಿಲ್ಲ. ಆಮೇಲೆ ಉಳಿಯುವುದು ತಿಂದವರ ಮಾತು ಮಾತ್ರ: ಅದು ಇನ್ನಷ್ಟು ಹುಳಿಯಾಗಿತ್ತು, ಇಲ್ಲ, ಕೊನೆಯಲ್ಲಿ ಒಂದಿಷ್ಟು ಸಿಹಿ ಬರುತ್ತಿತ್ತು, ಬೆರಳಿಗೆ ಕೆಂಪು ಅಂಟುತ್ತಿತ್ತು ಎಂಬ ಜಗಳ. ಕ್ರಿಸ್ಪ್ ಪ್ರಿಯರು ಅಷ್ಟು ಹಟದಿಂದ ವಾದಿಸುವುದು ಏಕೆಂದು ಆಗ ತಿಳಿಯುತ್ತದೆ. ಅವರ ವಾದವೇ ಆ ರುಚಿಯ ಏಕಮಾತ್ರ ಪ್ರತಿ.

ನಾಲಗೆ ಒಂದೇ ಈ ವಾದದ ಸಾಕ್ಷಿಯೂ ಅಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪೆನ್ಸ್ ಮತ್ತು ಅವರ ಸಹೋದ್ಯೋಗಿ ಮಸಿಮಿಲಿಯಾನೊ ಜಾಂಪಿನಿ 2004ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಪ್ರಮಾಣ. ಕಚ್ಚುವವರ ಕಿವಿಗೆ ಅವರದೇ ಕಚ್ಚುವ ಸದ್ದನ್ನು ಏರಿಸಿ, ತಗ್ಗಿಸಿ ಕೇಳಿಸಿದರು. ತಾರಸ್ಥಾಯಿಯ ಸದ್ದು ಹೆಚ್ಚಿದಾಗ ಅದೇ ಬಿಲ್ಲೆ ಹೆಚ್ಚು ತಾಜಾ, ಹೆಚ್ಚು ಗರಿಗರಿ ಎನ್ನಿಸಿತು. ಕುರುಕುರು, ಗರಿಗರಿ, ಕರಕರ ಎಂಬ ಅನುಕರಣ ಶಬ್ದಗಳನ್ನು ಕಟ್ಟಿದ ನಮ್ಮ ಅಜ್ಜಿಯರು ತಿಂಡಿಯ ಗುಣವನ್ನು ಕಿವಿಯಿಂದಲೇ ಹೇಳಿದ್ದರು. ಸಂಡಿಗೆ ಹಪ್ಪಳಗಳ ನಾಡಿನಲ್ಲಿ ಅದು ಸಹಜ.

ರುಚಿಯ ಭೂಪಟವೂ ವಿಚಿತ್ರವಾದದ್ದು. ಕೆನಡಾದವರಿಗೆ ಟೊಮ್ಯಾಟೋ ಕೆಚಪ್ಪಿನ ಕ್ರಿಸ್ಪ್ ಪ್ರಿಯ, ಜಪಾನಿನವರಿಗೆ ಕಡಲಪಾಚಿಯದು, ಚೀನಾದಲ್ಲಿ ಸೌತೆಕಾಯಿಯದು. 1995ರಲ್ಲಿ ಭಾರತಕ್ಕೆ ಬಂದ ಲೇಸ್ ನಮ್ಮ ಮಸಾಲೆಯನ್ನು ಹಿಡಿದುಕೊಂಡೇ ಅಂಗಡಿಗಳಲ್ಲಿ ನೆಲೆಯೂರಿತು. ಆದರೆ ಅದೇ ದಾರದಲ್ಲಿ ನೇತಾಡುವ ಪಕ್ಕದ ಪೊಟ್ಟಣದ ಮೇಲೆ ಅಮೆರಿಕನ್ ಶೈಲಿಯ ಕೆನೆ-ಈರುಳ್ಳಿ ಎಂದಿರುತ್ತದೆ. ಇಂಗ್ಲೆಂಡಿನವನು ಈರುಳ್ಳಿ ಬಜ್ಜಿಯ ಹೆಸರಿನಲ್ಲಿ ನಮ್ಮನ್ನು ತಿನ್ನುತ್ತಾನೆ, ನಾವು ಕೆನೆಯ ಹೆಸರಿನಲ್ಲಿ ಅಮೆರಿಕವನ್ನು ತಿನ್ನುತ್ತೇವೆ. ದೂರದ್ದು ಯಾವಾಗಲೂ ಐದಾರು ರೂಪಾಯಿಗೆ ಸಿಗಬೇಕೆಂಬ ಆಸೆ ಎಲ್ಲರದ್ದು.

ನನ್ನ ಪಕ್ಷ ಯಾವುದೆಂದು ನೀವು ಕೇಳಬಹುದು. ನಾನು ಬರಿಯ ಉಪ್ಪಿನ ಪಕ್ಷ. ಮಸಾಲೆಯ ಪುಡಿ ಹಲವು ಪಾಪಗಳನ್ನು ಮುಚ್ಚುತ್ತದೆ. ಶೈತ್ಯಾಗಾರದಲ್ಲಿ ಬಹುಕಾಲ ಇಟ್ಟ ಗಡ್ಡೆಯಲ್ಲಿ ಸಕ್ಕರೆಯ ಅಂಶ ಏರುತ್ತದೆ; ಅದನ್ನು ಕರಿದರೆ ಬಿಲ್ಲೆ ಕಪ್ಪೇರಿ ಕಹಿಯಾಗುತ್ತದೆ. ಉಪ್ಪೊಂದೇ ಇರುವಲ್ಲಿ ಆ ಕಹಿಗೆ ಅಡಗಲು ಎಡೆಯಿಲ್ಲ. ಹಳೆಯ ಎಣ್ಣೆಯ ಕಮಟಿಗೂ ಇಲ್ಲ. ಹೊಸ ರುಚಿಗಳ ಅಭಿಮಾನಿಗಳು ಇದನ್ನು ಅರಸಿಕತೆ ಎನ್ನಲಿ.

ಬೆಂಗಳೂರು ಮೈಸೂರುಗಳ ಬಡಾವಣೆಗಳಲ್ಲಿ ಹಾಟ್ ಚಿಪ್ಸ್ ಅಂಗಡಿಗಳೆಂದು ಇವೆಯಲ್ಲ, ಅಲ್ಲಿ ಸಂಜೆ ಹೊತ್ತು ನಿಂತು ನೋಡಬೇಕು. ಆಲೂಗಡ್ಡೆಯನ್ನು ಬಾಣಲೆಯ ಮೇಲೆಯೇ ಹಿಡಿದು ತುರಿಮಣೆಯಂಥ ಅಲಗಿನಿಂದ ಕಾದ ಎಣ್ಣೆಗೆ ಸೀದಾ ಹೆಚ್ಚುತ್ತಾರೆ. ಜಾಲರಿಯಿಂದ ಎತ್ತಿ ಸೋಸಿ, ಅಗಲವಾದ ತಟ್ಟೆಗೆ ಸುರಿದು, ಉಪ್ಪಿನದೋ ಖಾರದ್ದೋ ಎಂದು ಕೇಳುತ್ತಾರೆ. ಕಾದು ನಿಂತ ಗಿರಾಕಿ ಒಂದು ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದು ಚೂರು ಉಪ್ಪು ಬೀಳಲಿ ಸ್ವಾಮಿ ಎನ್ನುತ್ತಾನೆ. ಅಂಗಡಿಯವನು ಡಬ್ಬಿಯನ್ನು ಎತ್ತಿ ಇನ್ನೊಮ್ಮೆ ಉದುರಿಸುತ್ತಾನೆ.