ಮಾತ್ರೆ ಕಂಡ ಮಾಧ್ಯಮ, ಕಾಣದ ಮಗು
(ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ನಮ್ಮ ಬಂಧುವೊಬ್ಬರು ಪತ್ರಿಕೆಯ ಪುರವಣಿಯನ್ನು ಹಿಡಿದುಕೊಂಡೇ ಮನೆಗೆ ಬಂದರು. ತುಂಟ ಮಕ್ಕಳನ್ನು ಸುಮ್ಮನಾಗಿಸಲು ಹೆತ್ತವರೇ ಮಾದಕ ಮಾತ್ರೆ ನುಂಗಿಸುತ್ತಿದ್ದಾರೆ ಎಂಬುದು ಅದರ ತಲೆಬರಹದ ಸಾರ. ಜೊತೆಗೆ ಅಂಗೈ ತುಂಬ ಬಣ್ಣಬಣ್ಣದ ಗುಳಿಗೆಗಳ ಚಿತ್ರ. ನಮ್ಮ ಒಂಬತ್ತು ವರ್ಷದ ಮಗ ನುಂಗುತ್ತಿದ್ದುದು ಬೆಳಗಿನ ಉಪಾಹಾರದ ಬಳಿಕ ಒಂದೇ ಒಂದು ಸಣ್ಣ ಮಾತ್ರೆ. ಮಧ್ಯಾಹ್ನದೊಳಗೆ ಮನೆಯ ಹಿರಿಯರೆಲ್ಲ ಸೇರಿ ತೀರ್ಪಿತ್ತರು. ಮಾತ್ರೆ ನಿಂತಿತು. ವೈದ್ಯರನ್ನು ಒಂದು ಮಾತು ಕೇಳೋಣವೆನ್ನುವ ಧೈರ್ಯ ನಮಗಾಗಲಿಲ್ಲ. ಅದು ನಮ್ಮದೇ ತಪ್ಪು. ಎರಡು ತಿಂಗಳೊಳಗೆ ಅವನು ಶಾಲೆಯ ಗೇಟಿನಿಂದ ಎರಡು ಬಾರಿ ರಸ್ತೆಗೆ ನುಗ್ಗಿದ. ಎರಡನೆಯ ಬಾರಿ ರಿಕ್ಷಾ ತಗಲಿ ಮುಂಗೈ ಮುರಿಯಿತು.

ಎಡಿಎಚ್‌ಡಿ ಎಂದರೆ ಕೇವಲ ತುಂಟತನವಲ್ಲ. ಗಮನ ನಿಲ್ಲದಿರುವುದು, ಎಣೆಯಿಲ್ಲದ ಚಡಪಡಿಕೆ, ಮುಂದಾಲೋಚನೆಗೆ ಮೊದಲೇ ಕೈಕಾಲು ಮುಂದಾಗುವುದು. ಇವು ಮನೆಯಲ್ಲೂ ಶಾಲೆಯಲ್ಲೂ ತಿಂಗಳುಗಟ್ಟಲೆ ಮುಂದುವರಿದು ಮಗುವಿನ ಬದುಕನ್ನೇ ಕೆಡಿಸುವಂತಿದ್ದರೆ ಮಾತ್ರ ವೈದ್ಯರು ಆ ಹೆಸರನ್ನಿಡುತ್ತಾರೆ. ಮೀಥೈಲ್‌ಫೆನಿಡೇಟ್ ಎಂಬ ಔಷಧವು 1950ರ ದಶಕದಿಂದಲೂ ಬಳಕೆಯಲ್ಲಿದೆ. ಅದು ಮಂಪರು ಬರಿಸುವ ವಸ್ತುವಲ್ಲ, ಉತ್ತೇಜಕ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಕಾನೂನಿನ ಪಟ್ಟಿಯಲ್ಲಿ ಅದರ ಹೆಸರಿರುವುದು ನಿಜ. ಆದರೆ ಆ ಕಾರಣಕ್ಕೇ ಅದನ್ನು ಪಡೆಯುವುದು ಎಷ್ಟು ಕಷ್ಟವೆಂಬುದನ್ನು ವರದಿಗಾರರು ಬರೆಯುವುದಿಲ್ಲ. ನಮ್ಮ ಪಟ್ಟಣದಲ್ಲಿ ಏಳು ಅಂಗಡಿ ಸುತ್ತಿದರೂ ಸಿಗದೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ತಂದಿದ್ದೇವೆ. ಸೋಮಾರಿ ಪಾಲಕರ ಸುಲಭೋಪಾಯವಂತೆ ಇದು!

ಈ ಚಾಳಿ ನಮ್ಮಲ್ಲಿ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1996ರಲ್ಲಿ ನ್ಯೂಸ್‌ವೀಕ್, 1998ರಲ್ಲಿ ಟೈಮ್ ಪತ್ರಿಕೆಗಳು ರಿಟಲಿನ್ ಮಾತ್ರೆಯನ್ನು ಮುಖಪುಟಕ್ಕೇರಿಸಿದವು. 2000ದಲ್ಲಿ ಔಷಧ ಕಂಪೆನಿ, ಮನೋವೈದ್ಯರ ಸಂಘ ಮತ್ತು ಪಾಲಕರ ಸಂಘಟನೆಯ ವಿರುದ್ಧ ಮೊಕದ್ದಮೆಗಳೂ ದಾಖಲಾದವು. ದಾಖಲಾದಾಗ ದೊಡ್ಡ ಸುದ್ದಿಯಾದ ಅವು ವಜಾ ಆದಾಗ ಅಷ್ಟು ದೊಡ್ಡ ಸುದ್ದಿಯಾಗಲಿಲ್ಲ. 2002ರಲ್ಲಿ ಹಲವು ದೇಶಗಳ ತಜ್ಞರು ಒಟ್ಟಾಗಿ, ಮಾಧ್ಯಮಗಳ ತಪ್ಪು ಚಿತ್ರಣದಿಂದ ಮಕ್ಕಳು ಚಿಕಿತ್ಸೆಯಿಂದ ವಂಚಿತರಾಗುತ್ತಿದ್ದಾರೆಂದು ಹೇಳಿಕೆ ಹೊರಡಿಸಬೇಕಾಯಿತು.

ಹಾಗೆಂದು ಟೀಕಾಕಾರರೆಲ್ಲ ಸುಳ್ಳರೆಂದು ನಾವು ಹೇಳುವುದಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಕಿರಿಯ ವಯಸ್ಸಿನ ಮಕ್ಕಳಿಗೆ ಈ ಹೆಸರು ಹೆಚ್ಚಾಗಿ ಅಂಟುತ್ತದೆಂದು ಕೆನಡಾದ ಅಧ್ಯಯನ ತೋರಿಸಿದೆ. ಔಷಧದಿಂದ ಹಸಿವು ತಗ್ಗುತ್ತದೆ, ನಿದ್ರೆ ಕೆಡಬಹುದು, ಎತ್ತರದ ಬೆಳವಣಿಗೆ ತುಸು ಕುಂಠಿತವಾಗಬಹುದು. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 579 ಮಕ್ಕಳಿದ್ದರು. ಹದಿನಾಲ್ಕು ತಿಂಗಳ ಕೊನೆಗೆ, ರೋಗಲಕ್ಷಣಗಳ ಮಟ್ಟಿಗೆ, ಎಚ್ಚರದಿಂದ ಔಷಧ ಕೊಟ್ಟವರಲ್ಲಿ ಬರಿಯ ವರ್ತನಾ ತರಬೇತಿ ಪಡೆದವರಿಗಿಂತ ಹೆಚ್ಚು ಸುಧಾರಣೆ ಕಂಡಿತು. ಮೂರು ವರ್ಷಗಳ ಹೊತ್ತಿಗೆ ಆ ಅಂತರ ಉಳಿಯಲಿಲ್ಲ. ಇಷ್ಟನ್ನೂ ಇದ್ದಂತೆಯೇ ಬರೆಯಲಿ, ನಮಗೇನೂ ಬೇಸರವಿಲ್ಲ. ಅರ್ಧ ಬರೆದು ಉಳಿದರ್ಧಕ್ಕೆ ಬಣ್ಣದ ಗುಳಿಗೆಗಳ ಚಿತ್ರ ಹಾಕುವುದೇಕೆ?

ಚಲನಚಿತ್ರದ ಕತೆ ಬೇರೆ. 2007ರ 'ತಾರೇ ಜಮೀನ್ ಪರ್' ಕಂಡು ನಾವೂ ಕಣ್ಣೀರಿಟ್ಟಿದ್ದೇವೆ. ಅದರಲ್ಲಿನ ಬಾಲಕನದ್ದು ಡಿಸ್ಲೆಕ್ಸಿಯಾ, ಓದುಬರಹದ ತೊಡಕು. ಆದರೂ ಮದುವೆ ಮನೆಗಳಲ್ಲಿ ಎಷ್ಟೋ ಮಂದಿ ನಮಗೆ ಅದನ್ನೇ ಉದಾಹರಿಸಿದರು: "ಒಬ್ಬ ಒಳ್ಳೆಯ ಮೇಷ್ಟ್ರು ಸಿಕ್ಕಿದರೆ ಸಾಕು, ಮಾತ್ರೆ ಯಾಕೆ?" ಒಳ್ಳೆಯ ಮೇಷ್ಟ್ರು ಬೇಕೇ ಬೇಕು. ಮಗನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ನಡುನಡುವೆ ಬೋರ್ಡು ಒರೆಸಲು ಎಬ್ಬಿಸುತ್ತಿದ್ದ ಟೀಚರೊಬ್ಬರನ್ನು ನಾವು ಮರೆಯಲಾರೆವು. ಔಷಧವನ್ನು ಪುನಃ ಆರಂಭಿಸಿ ಎಂದು ನಮಗೆ ಮೊದಲು ಹೇಳಿದವರೂ ಅವರೇ.

ಈಗ ಅವನು ಪಿಯುಸಿಯಲ್ಲಿದ್ದಾನೆ. ಮೂರು ತಿಂಗಳಿಗೊಮ್ಮೆ ವೈದ್ಯರು ತೂಕ, ಎತ್ತರ, ರಕ್ತದೊತ್ತಡ ನೋಡುತ್ತಾರೆ. ಪ್ರಮಾಣ ಇಳಿಸುವ ಮಾತೂ ನಡೆದಿದೆ. ಆ ಪುರವಣಿಯ ಸಂಪಾದಕರಿಗೆ ನಾವು ಬರೆದ ಎರಡು ಪುಟಗಳ ಪತ್ರ ಪ್ರಕಟವಾಗಲಿಲ್ಲ. ಅದರ ಪ್ರತಿ ನಮ್ಮಲ್ಲಿದೆ. ಸಭೆ ಮುಗಿದ ಬಳಿಕ ಬೇಕಾದವರು ಕೇಳಿ ಪಡೆಯಬಹುದು.