ಮುಂಜಾನೆಯ ಹೊಗೆ ಏನು ಹೇಳುತ್ತದೆ?

ಮಾರ್ಗಶಿರ ಕಳೆದು ಪುಷ್ಯ ಬಂತು ಎಂದರೆ ನಮ್ಮ ಯಲಹಂಕ, ಹೆಬ್ಬಾಳ, ದೊಡ್ಡಬಳ್ಳಾಪುರದ ಕಡೆ ಹೊಲದ ಮೇಲೆಲ್ಲ ಇಬ್ಬನಿ. ಅವರೇಕಾಯಿಗೆ ಸೊಗಡು ಏರುವ ಕಾಲ. ಕೋಳಿ ಕೂಗುವ ಮೊದಲೇ ಎದ್ದು ಪೇಟೆಗೆ ಹೊರಡಬೇಕಾದ ಕಾಲವೂ ಅದೇ. ಈ ಹೊತ್ತಿನಲ್ಲಿ ನಿಮ್ಮ ಹಳೆಯ ಡೀಸೆಲ್ ಕಾರೋ ಜೀಪೋ ಸೆಲ್ಫ್ ಹೊಡೆದ ಕೂಡಲೇ ಕೆಮ್ಮಿ, ಬೀದಿ ತುಂಬ ಹೊಗೆ ಕಾರಿದರೆ ಏನು ಮಾಡುತ್ತೀರಿ? ಕೆಲವರು ಗಾಬರಿಯಾಗುತ್ತಾರೆ. ಕೆಲವರು ‘ಚಳಿಗೆ ಎಲ್ಲಾ ಗಾಡೀನೂ ಹಿಂಗೇ’ ಎಂದು ಸುಮ್ಮನಾಗುತ್ತಾರೆ. ಇಬ್ಬರೂ ನಷ್ಟಪಡುವುದುಂಟು. ಆದ್ದರಿಂದ ಇಂದು ಈ ಹೊಗೆಯ ವಿಷಯವಾಗಿ ನಾಲ್ಕು ಮಾತು.

ಯಲಹಂಕದ ಆಚೆಯ ಹಳ್ಳಿಯ ರೈತರೊಬ್ಬರು ಒಂದು ದಿನ ಮುಖ ಸಪ್ಪೆ ಮಾಡಿಕೊಂಡು ನನ್ನಲ್ಲಿಗೆ ಬಂದರು.

‘ಸ್ವಾಮಿ, ಇಂಜಿನ್ನು ಹೋಯ್ತಂತೆ. ಇಳಿಸಿ ಬೋರ್ ಮಾಡಿಸ್ಬೇಕಂತೆ. ಅರವತ್ತು ಸಾವಿರ ಅಂತಾವ್ರೆ. ಹಾಲು ಕೊಡೋ ಹಸೂನೇ ಮಾರಿಬಿಡೋಣ ಅಂತಿದೀನಿ.’

‘ಹೊಗೆ ಯಾವ ಬಣ್ಣ?’ ಎಂದು ಕೇಳಿದೆ.

‘ಬಿಳೇದು.’

‘ಎಷ್ಟು ಹೊತ್ತು ಬರ್ತದೆ?’

‘ಎರಡು ಮೂರು ನಿಮಿಷ. ಬಿಸಿಯಾದ ಮೇಲೆ ಹುಡುಕಿದ್ರೂ ಇಲ್ಲ.’

‘ವಾಸನೆ?’

‘ಡೀಸೆಲ್ ಘಾಟು. ಕಣ್ಣು ಉರೀತದೆ.’

‘ರೇಡಿಯೇಟರಿಗೆ ಆಗಾಗ ನೀರು ಹಾಕ್ತೀರಾ? ಇಂಜಿನ್ ಆಯಿಲ್ ಇಳೀತದಾ?’

‘ಇಲ್ಲ ಸ್ವಾಮಿ, ಎರಡೂ ಇದ್ದಂಗೇ ಐತೆ.’

‘ಹಾಗಾದರೆ ಹಸು ಮಾರಬೇಡಿ. ನಾಳೆ ಬೆಳಿಗ್ಗೆ ನಾನೇ ಬರ್ತೀನಿ’ ಎಂದೆ.

ಏಕೆ ಹಾಗೆಂದೆ? ಅದನ್ನು ತಿಳಿಯಬೇಕಾದರೆ ಡೀಸೆಲ್ ಎಂಜಿನ್ನಿನ ಗುಟ್ಟನ್ನು ಮೊದಲು ತಿಳಿಯಬೇಕು. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ನಡೆಸಿ ತೋರಿಸಿದ ಈ ಎಂಜಿನ್ನಿನಲ್ಲಿ ಪೆಟ್ರೋಲ್ ಗಾಡಿಯಂತೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವು ನೋಡಿದ್ದೀರಿ. ಹಾಗೆಯೇ ಇಲ್ಲಿ ಗಾಳಿಯನ್ನು ಅದರ ಗಾತ್ರದ ಹದಿನಾರನೆಯ ಒಂದು ಪಾಲಿಗೆ, ಕೆಲವು ಎಂಜಿನ್ನುಗಳಲ್ಲಿ ಇಪ್ಪತ್ತೆರಡನೆಯ ಒಂದು ಪಾಲಿಗೆ ಅದುಮುತ್ತಾರೆ. ಅದು ಐನೂರು ಡಿಗ್ರಿಗೂ ಮೀರಿ ಕಾಯುತ್ತದೆ. ಆ ಕಾದ ಗಾಳಿಗೆ ನಾಜಲ್ ಡೀಸೆಲನ್ನು ಮಂಜಿನಂತೆ ಸಿಂಪಡಿಸುತ್ತದೆ. ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅಂದಮೇಲೆ ಡೀಸೆಲ್ ಎಂಜಿನ್ನಿಗೆ ಕಾವೇ ಜೀವ.

ಬೆಂಗಳೂರಿನಲ್ಲಿ ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 15-16 ಡಿಗ್ರಿ ಇರುತ್ತದೆ. ಊರ ಹೊರಗಿನ ಬಯಲಿನಲ್ಲಿ ಇನ್ನೂ ಒಂದೆರಡು ಡಿಗ್ರಿ ಕಡಿಮೆ. 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದದ್ದೂ ಉಂಟು. ರಾತ್ರಿಯೆಲ್ಲ ತಣ್ಣಗೆ ನಿಂತ ಕಬ್ಬಿಣ ಆ ಗಾಳಿಯ ಕಾವನ್ನು ಹೀರಿಕೊಳ್ಳುತ್ತದೆ. ಆಗ ಡೀಸೆಲ್ ಪೂರಾ ಉರಿಯದೆ ಆವಿಯಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ. ಹಸಿ ಸೌದೆ ಇಟ್ಟ ಒಲೆ ಉರಿಯದೆ ಬರಿ ಹೊಗೆಯಾಡುವುದಿಲ್ಲವೆ, ಹಾಗೆ. ಇದಕ್ಕೇ ಸಿಲಿಂಡರಿಗೊಂದರಂತೆ ಹೀಟರ್ ಪ್ಲಗ್ ಇಟ್ಟಿರುತ್ತಾರೆ. ಕೀಲಿ ತಿರುಗಿಸಿದಾಗ ಮುಂದಿನ ಫಲಕದಲ್ಲಿ ಸುರುಳಿಯಾಕಾರದ ಹಳದಿ ದೀಪ ಹತ್ತುತ್ತದೆ ನೋಡಿ, ಅದು ಈ ಪ್ಲಗ್ಗು ಕಾಯುತ್ತಿರುವ ಸೂಚನೆ. ದೀಪ ಆರಿದ ಮೇಲೆಯೇ ಸೆಲ್ಫ್ ಹೊಡೆಯಬೇಕು. ಬಹಳ ಮಂದಿ ಅಷ್ಟು ತಾಳ್ಮೆ ತೋರುವುದಿಲ್ಲ.

ಇನ್ನು ಹೊಗೆಯ ಬಣ್ಣಕ್ಕೆ ಬರೋಣ. ಮುಖ್ಯವಾಗಿ ಮೂರು ಬಣ್ಣ: ಬಿಳಿ, ನೀಲಿ, ಕಪ್ಪು. ಬಣ್ಣ ಒಂದನ್ನೇ ನೋಡಿ ತೀರ್ಪು ಕೊಡಬೇಡಿ. ಯಾವ ಬಣ್ಣ, ಎಷ್ಟು ಹೊತ್ತು, ಯಾವ ವಾಸನೆ, ಯಾವಾಗ ಹೆಚ್ಚು ಎಂಬ ನಾಲ್ಕು ಪ್ರಶ್ನೆ ಕೇಳಿ. ದನದ ವೈದ್ಯರು ಬರೀ ಮೂತಿ ನೋಡಿ ಔಷಧ ಕೊಡುವುದಿಲ್ಲವಷ್ಟೆ?

ಬಿಳಿಯಲ್ಲಿ ಮೂರು ಬಗೆ. ಮೊದಲನೆಯದು ಬರಿ ನೀರಿನ ಆವಿ. ವಾಸನೆ ಇಲ್ಲ, ಹೊರಬಂದು ಮಾರು ದೂರ ಹೋಗುವುದರೊಳಗೆ ಕರಗುತ್ತದೆ. ಸೈಲೆನ್ಸರಿನ ತುದಿಯಲ್ಲಿ ಒಂದೆರಡು ಹನಿ ತೊಟ್ಟಿಕ್ಕಬಹುದು. ಚಳಿಯಲ್ಲಿ ನಮ್ಮ ಬಾಯಿಂದ ಬರುವ ಹಬೆಯ ಹಾಗೆ ಅದು. ಚಿಂತೆ ಬೇಡ.

ಎರಡನೆಯದು ಉರಿಯದ ಡೀಸೆಲ್. ದಟ್ಟವಾಗಿರುತ್ತದೆ, ಗಾಳಿಯಲ್ಲಿ ತೂಗುತ್ತ ನಿಲ್ಲುತ್ತದೆ, ಕಣ್ಣು ಮೂಗು ಉರಿಯುತ್ತವೆ. ಎಂಜಿನ್ನು ಮೂರು ಕಾಲಿನ ಕುದುರೆಯಂತೆ ಕುಂಟುತ್ತ ಓಡುತ್ತದೆ. ಬಿಸಿಯಾದ ಮೇಲೆ ಹೊಗೆ ನಿಂತರೆ ಮೊದಲ ಅನುಮಾನ ಹೀಟರ್ ಪ್ಲಗ್ಗಿನ ಮೇಲೆ, ಇಲ್ಲವೆ ಸೆಲ್ಫನ್ನು ಜೋರಾಗಿ ತಿರುಗಿಸಲಾರದ ಬ್ಯಾಟರಿಯ ಮೇಲೆ. ಬಿಸಿಯಾದ ಮೇಲೂ ನಿಲ್ಲದಿದ್ದರೆ ನಾಜಲ್ ಸೋರುತ್ತಿರಬಹುದು, ಪಂಪಿನ ಟೈಮಿಂಗ್ ತಡವಾಗಿರಬಹುದು, ಇಲ್ಲವೆ ಕಂಪ್ರೆಷನ್ ಇಳಿದಿರಬಹುದು.

ಮೂರನೆಯದು ಅಪಾಯದ್ದು. ರೇಡಿಯೇಟರಿನ ನೀರು ಸಿಲಿಂಡರಿನೊಳಕ್ಕೆ ಇಳಿದು ಬರುವ ಹೊಗೆ. ಕೂಲೆಂಟ್ ಹಾಕಿದ್ದರೆ ಸ್ವಲ್ಪ ಸಿಹಿ ವಾಸನೆ ಇರುತ್ತದೆ. ಬಿಸಿಯಾದರೂ ಹೊಗೆ ನಿಲ್ಲುವುದಿಲ್ಲ. ವಾರಕ್ಕೊಮ್ಮೆ ನೀರು ಸೇರಿಸಬೇಕಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಾಣಬಹುದು. ಇದು ಹೆಡ್ ಗ್ಯಾಸ್ಕೆಟ್ ಒಡೆದ, ಇಲ್ಲವೆ ಹೆಡ್ ಬಿರುಕು ಬಿಟ್ಟ ಲಕ್ಷಣ. ಗಾಡಿ ಓಡಿಸಬೇಡಿ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. ಸೆಲ್ಫ್ ಹೊಡೆದಾಗ ಎಂಜಿನ್ನು ‘ಟಕ್’ ಎಂದು ತಡೆದು ನಿಂತರೆ ಮತ್ತೆ ಹೊಡೆಯಬೇಡಿ, ತಳ್ಳಿಸಿಯೂ ನೋಡಬೇಡಿ. ‘ಒಂದು ಲೋಡು ಹಾಕಿ ಬಂದು ಆಮೇಲೆ ನೋಡೋಣ’ ಎಂದ ನಮ್ಮ ಕಡೆಯ ಒಬ್ಬರು ಗ್ಯಾಸ್ಕೆಟ್ಟಿನ ಖರ್ಚಿನಲ್ಲಿ ಮುಗಿಯಬೇಕಾದ್ದನ್ನು ಇಡೀ ಎಂಜಿನ್ನಿನ ಖರ್ಚಿಗೆ ತಂದುಕೊಂಡರು.

ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಕಾದ ದೋಸೆ ಹೆಂಚಿಗೆ ಎಣ್ಣೆ ಬಿದ್ದಾಗ ಏಳುವ ಹೊಗೆಯ ಹಾಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಗ್ಗೆ ಬಂದು ನಿಂತರೆ, ರಾತ್ರಿಯೆಲ್ಲ ವಾಲ್ವ್ ಸೀಲಿನಿಂದ ಎಣ್ಣೆ ಇಳಿದಿದೆ ಎಂದು ತಿಳಿಯಬಹುದು. ಇದಕ್ಕೆ ಎಂಜಿನ್ ಬೋರ್ ಮಾಡಿಸಬೇಕಿಲ್ಲ. ಓಡುವಾಗಲೂ, ಏರು ಹತ್ತುವಾಗಲೂ ನೀಲಿ ಹೊಗೆ ಬಿಡದೆ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಎಂಜಿನ್ನು ನಿಧಾನವಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಜೋಪಾನವಾಗಿ ಸಡಿಲಿಸಿ ನೋಡಿ. ಅಲ್ಲಿಂದ ಉಗಿಬಂಡಿಯಂತೆ ಬುಸುಬುಸು ಎಂದು ಹೊಗೆ ನುಗ್ಗಿದರೆ ರಿಂಗಿನ ಅನುಮಾನ ಗಟ್ಟಿಯಾಯಿತು. ಟರ್ಬೊ ಇರುವ ಗಾಡಿಯಲ್ಲಿ ಟರ್ಬೊ ಸೀಲನ್ನೂ ನೋಡಿಸಿ. ಕೆಲವೊಮ್ಮೆ ಗುರುತು ಮೀರಿ ಆಯಿಲ್ ಸುರಿದಿರುವುದೇ ಕಾರಣವಾಗಿರುತ್ತದೆ.

ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಲಾಂದ್ರದ ಬತ್ತಿಯನ್ನು ಅತಿಯಾಗಿ ಏರಿಸಿದರೆ ಗಾಜೆಲ್ಲ ಮಸಿಯಾಗುವುದಿಲ್ಲವೆ? ಹಳೆಯ ಗಾಡಿ ಸ್ಟಾರ್ಟ್ ಆಗುವಾಗ ಒಂದು ಕಪ್ಪು ಬುಗ್ಗೆ ಸಾಮಾನ್ಯ. ನಿಲ್ಲದೆ ಬಂದರೆ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ. ನಮ್ಮ ಮಣ್ಣಿನ ದಾರಿಯಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ. ಆಮೇಲೆ ಟರ್ಬೊ ಪೈಪು ಸೀಳಿದೆಯೇ, ಇ.ಜಿ.ಆರ್. ವಾಲ್ವ್ ಮಸಿಗಟ್ಟಿ ತೆರೆದೇ ನಿಂತಿದೆಯೇ, ನಾಜಲ್ ಸರಿಯಾಗಿದೆಯೇ ಎಂದು ನೋಡಿಸಿ. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್.-6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅಂಥ ಕಾರಿನಿಂದ ಕಪ್ಪು ಹೊಗೆ ಕಣ್ಣಿಗೆ ಕಂಡರೆ ಆ ಫಿಲ್ಟರ್ ಬಿರುಕು ಬಿಟ್ಟಿರಬೇಕು, ಇಲ್ಲವೆ ಯಾರೋ ಅದನ್ನು ಕಿತ್ತಿರಬೇಕು.

ಬಣ್ಣ ಗೊತ್ತಾಗದೆ ಇದ್ದರೆ ಒಂದು ಸುಲಭದ ಪರೀಕ್ಷೆ. ಬಿಳಿ ಕಾಗದವನ್ನು ಕಡ್ಡಿಗೆ ಸಿಕ್ಕಿಸಿ ಸೈಲೆನ್ಸರಿನಿಂದ ಒಂದಡಿ ದೂರದಲ್ಲಿ ಅರ್ಧ ನಿಮಿಷ ಹಿಡಿಯಿರಿ. ನೀರಿನ ಹನಿ ಒಣಗಿ ಕಲೆ ಉಳಿಯದಿದ್ದರೆ ಆವಿ. ಡೀಸೆಲ್ ವಾಸನೆಯ ಜಿಡ್ಡು ಉಳಿದರೆ ಉರಿಯದ ಡೀಸೆಲ್. ಕಂದು ಜಿಡ್ಡಾದರೆ ಇಂಜಿನ್ ಆಯಿಲ್. ಒಣ ಮಸಿಯಾದರೆ ಕಪ್ಪು ಹೊಗೆ.

ಈಗ ನಮ್ಮ ರೈತರ ಕಥೆಗೆ ಬರೋಣ. ಮರುದಿನ ಐದೂವರೆಗೆ ಅವರ ಮನೆಗೆ ಹೋದೆ. ಗಾಡಿಯನ್ನು ಮುಟ್ಟದೆ ಇರಲು ಮೊದಲೇ ಹೇಳಿದ್ದೆ. ಒಮ್ಮೆ ಬಿಸಿಮಾಡಿದ ಎಂಜಿನ್ನಿನಲ್ಲಿ ರೋಗ ಅಡಗಿಕೊಳ್ಳುತ್ತದೆ. ಮೊದಲು ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಗಾಜಿನ ಸೀಸೆಗೆ ಸ್ವಲ್ಪ ಹಿಡಿದೆವು. ನೀರಿದ್ದರೆ ತಳಕ್ಕೆ ಇಳಿಯುತ್ತದೆ. ಅದರಲ್ಲಿ ನೀರಿರಲಿಲ್ಲ. ಬ್ಯಾಟರಿ ಚೆನ್ನಾಗಿತ್ತು. ಆಮೇಲೆ ಬ್ಯಾಟರಿಯ ವೈರು ಬಿಚ್ಚಿ, ನಾಲ್ಕು ಹೀಟರ್ ಪ್ಲಗ್ಗನ್ನು ಜೋಡಿಸುವ ಪಟ್ಟಿಯನ್ನು ತೆಗೆದು, ಒಂದೊಂದಾಗಿ ಮೀಟರ್ ಹಿಡಿದೆವು. ಒಂದು ಕಡ್ಡಿ ಪ್ಲಗ್ಗಿನ ತಲೆಗೆ, ಇನ್ನೊಂದು ಎಂಜಿನ್ನಿನ ಕಬ್ಬಿಣಕ್ಕೆ. ಒಳ್ಳೆಯ ಪ್ಲಗ್ ಒಂದು ಓಮಿನ ಆಸುಪಾಸು ತೋರಿಸುತ್ತದೆ. ಸತ್ತ ಪ್ಲಗ್ಗಿನಲ್ಲಿ ಮುಳ್ಳು ಅಲುಗುವುದೇ ಇಲ್ಲ. ನಾಲ್ಕರಲ್ಲಿ ಎರಡು ಸತ್ತಿದ್ದವು. ನಾಲ್ಕೂ ಒಂದೇ ವಯಸ್ಸಿನವಾದ್ದರಿಂದ ನಾಲ್ಕನ್ನೂ ಬದಲಾಯಿಸಿದೆವು. ಖರ್ಚು ಮೂರು ಸಾವಿರ ದಾಟಲಿಲ್ಲ. ಮಾರನೆಯ ಬೆಳಿಗ್ಗೆ ಗಾಡಿ ಒಂದೇ ಸೆಲ್ಫಿಗೆ ಎದ್ದಿತು. ಹಸು ಕೊಟ್ಟಿಗೆಯಲ್ಲೇ ಉಳಿಯಿತು.

ಎಂಜಿನ್ ಬಿಚ್ಚಬೇಕು ಎಂದು ಯಾರಾದರೂ ಹೇಳಿದರೆ ಸಿಟ್ಟಾಗಬೇಡಿ, ‘ಕಂಪ್ರೆಷನ್ ಗೇಜ್ ಹಾಕಿ ತೋರಿಸಿ ಅಣ್ಣ’ ಎಂದು ಕೇಳಿ. ನಾಲ್ಕು ಸಿಲಿಂಡರಿನ ಲೆಕ್ಕ ಬರೆಸಿಕೊಳ್ಳಿ. ಒಂದು ಉಳಿದವಕ್ಕಿಂತ ಬಹಳ ಕಡಿಮೆ ಇದ್ದರೆ, ಇಲ್ಲವೆ ನಾಲ್ಕೂ ಕಂಪನಿ ಹೇಳಿದ ಮಟ್ಟಕ್ಕಿಂತ ಇಳಿದಿದ್ದರೆ ಆಗ ಬಿಚ್ಚುವ ಮಾತು. ನಾಜಲ್ಲನ್ನು ಯಂತ್ರದ ಮೇಲೆ ಇಟ್ಟು ಪರೀಕ್ಷಿಸುವ ಅಂಗಡಿಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 1951ರಲ್ಲಿ ಆರಂಭವಾದ ಮೈಕೋ ಕಂಪನಿ ಆಡುಗೋಡಿಯ ಕಾರ್ಖಾನೆಯಲ್ಲಿ ಡೀಸೆಲ್ ಪಂಪು, ನಾಜಲ್ಲುಗಳನ್ನು ಮಾಡಿದ್ದರಿಂದ ಈ ವಿದ್ಯೆ ಬೆಂಗಳೂರಿಗೆ ಹಳೆಯದು. ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ‘ಎಮಿಷನ್ ಚೀಟಿ ಇದೆ, ಗಾಡಿ ಸರಿಯಾಗೈತೆ’ ಎನ್ನುತ್ತಾರೆ. ಆ ಪರೀಕ್ಷೆಯನ್ನು ಎಂಜಿನ್ ಬಿಸಿಯಾದ ಮೇಲೆ ಮಾಡುತ್ತಾರೆ. ಬಿ.ಎಸ್.-4ಕ್ಕಿಂತ ಹಳೆಯ ಡೀಸೆಲ್ ಗಾಡಿಗೆ ಹೊಗೆಯ ಮಿತಿ 65 ಹಾರ್ಟ್‌ರಿಜ್ ಅಂಕ, ಬಿ.ಎಸ್.-4 ಗಾಡಿಗೆ 50. ಬೆಳಗಿನ ಹೊಗೆ ಆ ಚೀಟಿಯಲ್ಲಿ ಬರುವುದಿಲ್ಲ. ಅದನ್ನು ನೋಡಬೇಕಾದವರು ನೀವೇ.

ಕೊನೆಗೆ ಕೆಲವು ಎಚ್ಚರಿಕೆ. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಿ ಪರೀಕ್ಷೆ ಮಾಡಬೇಡಿ, ಆ ಹೊಗೆ ವಿಷ. ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗಿದ್ದರೆ ಮೊದಲು ಗಾಡಿಯನ್ನು ಬಯಲಿಗೆ ತಳ್ಳಿ. ಬೇಗ ಸ್ಟಾರ್ಟ್ ಆಗಲೆಂದು ಗಾಳಿ ಹೋಗುವ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಈಥರ್ ಸಿಂಪಡಿಸುವುದು ಬೇಡ. ಕಾದ ಹೀಟರ್ ಪ್ಲಗ್ಗಿಗೆ ಅದು ತಗಲಿದರೆ ಸಿಡಿದೀತು. ಹೀಟರ್ ಪ್ಲಗ್ಗನ್ನು ನೇರ ಬ್ಯಾಟರಿಗೆ ಹಿಡಿದು ನೋಡಬೇಡಿ, ಹೊಸ ಗಾಡಿಗಳಲ್ಲಿ ಕಡಿಮೆ ವೋಲ್ಟಿನ ಪ್ಲಗ್ಗು ಇರುತ್ತವೆ, ಸುಟ್ಟುಹೋಗುತ್ತವೆ. ಹಳೆಯ ಪಂಪಿನ ಎಂಜಿನ್ನಿನಲ್ಲಿ ಒಂದೊಂದೇ ನಾಜಲ್ ಪೈಪು ಸಡಿಲಿಸಿ ಕುಂಟುವ ಸಿಲಿಂಡರ್ ಹುಡುಕುತ್ತಿದ್ದರು. ಕಾಮನ್ ರೈಲ್ ಎಂಜಿನ್ನಿನಲ್ಲಿ ಹಾಗೆ ಮಾಡಲೇಕೂಡದು. ಅಲ್ಲಿನ ಡೀಸೆಲ್ ಧಾರೆ ಸೂಜಿಯಂತೆ ಚರ್ಮ ಸೀಳಿ ಒಳಹೊಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಕೈಯನ್ನೇ ಕಳೆದುಕೊಳ್ಳುವ ಅಪಾಯ. ಅಂಥದು ತಗಲಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ.

ಬಾಂಧವರೇ, ನಾಳೆ ಬೆಳಿಗ್ಗೆ ಗಾಡಿ ತೆಗೆಯುವಾಗ ಐದು ನಿಮಿಷ ಮುಂಚೆ ಏಳಿ. ರೇಡಿಯೇಟರ್ ನೀರು ನೋಡಿ, ಆಯಿಲ್ ಕಡ್ಡಿ ನೋಡಿ, ಸುರುಳಿ ದೀಪ ಆರುವವರೆಗೆ ಕಾಯಿರಿ. ಸ್ಟಾರ್ಟ್ ಮಾಡಿ ಹಿಂದಕ್ಕೆ ಬಂದು ನಿಂತು ಹೊಗೆ ನೋಡಿ. ಕಂಡದ್ದನ್ನು ತಾರೀಖಿನ ಸಮೇತ ಒಂದು ಚೀಟಿಯಲ್ಲಿ ಬರೆದಿಡಿ. ಗ್ಯಾರೇಜಿಗೆ ಹೋದಾಗ ‘ಹೊಗೆ ಬರ್ತದೆ’ ಎಂದಷ್ಟೇ ಹೇಳುವ ಬದಲು ಆ ಚೀಟಿ ಓದಿ ಹೇಳಿ. ಒಳ್ಳೆಯ ಮೆಕ್ಯಾನಿಕ್ಕಿಗೆ ಅದರಿಂದ ಅರ್ಧ ಕೆಲಸ ಉಳಿಯುತ್ತದೆ. ಅವಸರದ ಮೆಕ್ಯಾನಿಕ್ಕೂ ಒಂದು ಗಳಿಗೆ ಯೋಚನೆ ಮಾಡುತ್ತಾನೆ. ನಿಮ್ಮ ದುಡ್ಡು ನಿಮ್ಮಲ್ಲೇ ಉಳಿಯುತ್ತದೆ.